ಹಿಮದ ಯಂತ್ರಕ್ಕೆ ನಾನು ಹಾಕಿಸಿದ ಬೋಲ್ಟು

ಹಿಮ ಎತ್ತಿ ಎಸೆಯುವ ಯಂತ್ರವನ್ನು ಕೆಡಿಸದೆ ಓಡಿಸುವುದು ಹೇಗೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಕೆಡಿಸಿದೆ. ಯಂತ್ರ ಕೆಟ್ಟದ್ದು ಅಷ್ಟು ದೊಡ್ಡ ಸಂಗತಿಯಲ್ಲ, ಅದು ರಿಪೇರಿಯಾಗದಿದ್ದರೆ ಇನ್ನೊಂದು ಬರುತ್ತದೆ. ಅದರ ಜತೆ ಕೆಟ್ಟುಹೋದದ್ದನ್ನು ಬರೆದಿಡಬೇಕೆಂದು ಅನ್ನಿಸಿ ಬಹಳ ದಿನಗಳಾದವು.

ಸೌದಿಯ ಜಿದ್ದಾ ನಗರದ ಒಂದು ಮಾಲ್‌ನ ಹಿಂಬದಿಯಲ್ಲಿ ಹಿಮದ ಹಾಲ್ ಇದೆ. ಹೊರಗೆ ಸಮುದ್ರದ ತೇವದಿಂದ ಅಂಗಿ ಬೆನ್ನಿಗೆ ಅಂಟಿಕೊಂಡಿರುತ್ತದೆ. ಎರಡು ಬಾಗಿಲು ದಾಟಿ ಒಳಗೆ ಹೋದರೆ ಸೊನ್ನೆಗಿಂತ ಮೂರು ಡಿಗ್ರಿ ಕೆಳಗೆ. ಮಕ್ಕಳು ದಪ್ಪ ಕೋಟು ಹಾಕಿಕೊಂಡು ಜಾರುಬಂಡಿಯಲ್ಲಿ ಜಾರುತ್ತಾರೆ. ಆ ಹಾಲನ್ನು ತಣ್ಣಗಿಡುವ ಪ್ಲಾಂಟಿಗೆ ನಾನು ಸೂಪರ್‌ವೈಸರ್. ಹಿಮದ ಯಂತ್ರವೂ ನನ್ನ ವಿಭಾಗಕ್ಕೇ ಸೇರಿತ್ತು.

ಮುಚ್ಚಿದ ಹಾಲ್‌ನಲ್ಲಿ ಪೆಟ್ರೋಲಿನ ಹೊಗೆ ಬಿಡುವಂತಿಲ್ಲವಾದ್ದರಿಂದ ನಮ್ಮದು ಬ್ಯಾಟರಿಯಲ್ಲಿ ಓಡುವ ಯಂತ್ರ. ಮುಂದೆ ಎಡಕ್ಕೊಂದು ಬಲಕ್ಕೊಂದು ಕಬ್ಬಿಣದ ಸುರುಳಿ. ಅವು ಹಿಮವನ್ನು ಕೊರೆದು ನಡುವಿಗೆ ಎಳೆಯುತ್ತವೆ. ಹಿಂದಿರುವ ಫ್ಯಾನು ಅದನ್ನು ಮೇಲಿನ ಕೊಳವೆಯಿಂದ ದೂರಕ್ಕೆ ಎಸೆಯುತ್ತದೆ. ಸುರುಳಿಗಳನ್ನು ತಿರುಗಿಸುವ ಗೇರ್‌ಬಾಕ್ಸ್ ಇವೆರಡರ ನಡುವೆ ಕೂತಿದೆ. ಪ್ರತಿ ಸುರುಳಿಯನ್ನೂ ದಂಡಕ್ಕೆ ಹಿಡಿದಿರುವುದು ಬೆರಳಿಗಿಂತ ಚಿಕ್ಕದಾದ ಒಂದೊಂದು ಶಿಯರ್ ಪಿನ್. ಬೇಕೆಂದೇ ಮೆತ್ತನೆಯ ಲೋಹದಿಂದ ಮಾಡಿದ್ದು. ಸುರುಳಿಗೆ ಕಲ್ಲೋ ಕಬ್ಬಿಣವೋ ಸಿಕ್ಕಿದರೆ ಪಿನ್ ತುಂಡಾಗುತ್ತದೆ, ಸುರುಳಿ ನಿಲ್ಲುತ್ತದೆ, ಗೇರ್‌ಬಾಕ್ಸ್ ಉಳಿಯುತ್ತದೆ. ಹೊಸ ಪಿನ್ ಹಾಕಲು ಐದು ನಿಮಿಷ ಸಾಕು.

ಯಂತ್ರ ಓಡಿಸುತ್ತಿದ್ದವರು ಐವತ್ತು ದಾಟಿದ ಒಬ್ಬ ನೇಪಾಳಿ. ನಮ್ಮ ಇಡೀ ತಂಡದಲ್ಲಿ ನಿಜವಾದ ಹಿಮ ಕಂಡಿದ್ದವರು ಅವರೊಬ್ಬರೇ. ನಾನು ಕಾರ್ಕಳದವನು, ಹಿಮವನ್ನು ಮೊದಲು ನೋಡಿದ್ದೇ ಫ್ರೀಜರಿನಲ್ಲಿ. ಅವರನ್ನು ನಾನು ‘ದಾಯಿ’ ಎನ್ನುತ್ತಿದ್ದೆ, ಅವರ ಭಾಷೆಯಲ್ಲಿ ಅಣ್ಣ ಎಂದರ್ಥ. ಅವರು ನನ್ನನ್ನು ‘ಉಸ್ತಾದ್’ ಎನ್ನುತ್ತಿದ್ದರು. ನಮ್ಮ ಮಾತೆಲ್ಲ ಹಿಂದಿಯಲ್ಲಿ. ಕೆಲಸಕ್ಕೆ ಸೇರಿದ ದಿನ ಅವರು ನೆಲದಿಂದ ಒಂದು ಹಿಡಿ ಹಿಮ ತೆಗೆದು ಮೂಸಿ ನೋಡಿ, “ಇದಕ್ಕೆ ವಾಸನೆಯೇ ಇಲ್ಲವಲ್ಲ ಉಸ್ತಾದ್” ಎಂದು ನಕ್ಕಿದ್ದರು. ಅವರ ಊರಿನ ಹಿಮಕ್ಕೆ ಎಂಥ ವಾಸನೆಯೆಂದು ನಾನು ಕೇಳಲಿಲ್ಲ.

ರಂಜಾನಿನ ಕೊನೆಯ ಹತ್ತು ದಿನ ಹಾಲ್ ಮುಚ್ಚಿ ಹಳೆಯ ಹಿಮವನ್ನೆಲ್ಲ ತೆಗೆದು ಹೊಸ ಹಿಮ ಹಾಸಬೇಕೆಂದು ತೀರ್ಮಾನವಾಯಿತು. ಈದ್ ದಿನ ಹಾಲ್ ತೆರೆಯಬೇಕು. ಹಿಮ ಮಾಡಲು ಎರಡು ದಿನ ಬೇಕು. ಅಂದರೆ ಹಳೆಯದನ್ನು ತೆಗೆಯಲು ನಮಗೆ ಉಳಿದದ್ದು ಎಂಟು ದಿನ.

ಎರಡು ವರ್ಷ ಜನ ತುಳಿದ ಹಿಮ ಅದು. ಮೇಲಿನ ಒಂದು ಗೇಣು ಮಾತ್ರ ಹಿಮದ ಹಾಗಿತ್ತು, ಕೆಳಗಿನದೆಲ್ಲ ಗಾಜಿನಂಥ ಮಂಜುಗಡ್ಡೆ. ಅದರೊಳಗೆ ಕೈಗವಸು, ಲಾಕರಿನ ಕೀಲಿ, ಚಿಲ್ಲರೆ, ಒಂದು ಮಗುವಿನ ಬೂಟು, ಎರಡು ಮೊಬೈಲು. ದಾಯಿ ಮೊದಲ ದಿನ ಯಂತ್ರ ಮುಟ್ಟಲೇ ಇಲ್ಲ. ಒಂದು ಉದ್ದನೆಯ ಸಲಾಕೆ ಹಿಡಿದು ಹಾಲಿನ ಉದ್ದಗಲಕ್ಕೆ ಚುಚ್ಚುತ್ತ ನಡೆದರು. ಎಲ್ಲಿ ಗಡ್ಡೆಯಲ್ಲದ ಗಟ್ಟಿ ಏನಾದರೂ ತಾಗಿತೋ ಅಲ್ಲೊಂದು ಕೆಂಪು ಬಾವುಟ. ಮಧ್ಯಾಹ್ನದ ಹೊತ್ತಿಗೆ ಹಾಲಿನಲ್ಲಿ ಅರವತ್ತಕ್ಕೂ ಹೆಚ್ಚು ಬಾವುಟಗಳಿದ್ದವು.

ಎರಡನೆಯ ದಿನ ಕೆಲಸ ಶುರುವಾಯಿತು. ಅವರ ಕ್ರಮ ನನಗೆ ಈಗಲೂ ಬಾಯಿಪಾಠ. ಯಂತ್ರದ ಕೆಳಗಿನ ಎರಡು ಪಟ್ಟಿಗಳನ್ನು ಇಳಿಸಿ ಅದರ ಮುಂಭಾಗವನ್ನು ಎರಡು ಬೆರಳಿನಷ್ಟು ಎತ್ತರಿಸಬೇಕು. ಇಲ್ಲದಿದ್ದರೆ ಕೆರೆಯುವ ಅಂಚು ಹಾಲಿನ ರಬ್ಬರ್ ನೆಲಕ್ಕೆ ಸಿಕ್ಕಿಕೊಳ್ಳುತ್ತದೆ. ಸುರುಳಿಯನ್ನು ಹಿಮಕ್ಕೆ ತಾಗುವ ಮೊದಲೇ ಓಡಿಸಬೇಕು, ತಾಗಿಸಿಕೊಂಡು ಶುರುಮಾಡಬಾರದು. ಗಡ್ಡೆಯನ್ನು ಪಿಕಾಸಿಯಲ್ಲಿ ಮುಷ್ಟಿ ಗಾತ್ರಕ್ಕೆ ಒಡೆದ ಮೇಲೆಯೇ ಯಂತ್ರ ಮುಂದೆ ಹೋಗಬೇಕು. ಒಂದು ಸಲಕ್ಕೆ ಯಂತ್ರದ ಅಗಲದ ಮುಕ್ಕಾಲು ಮಾತ್ರ. ಕೊಳವೆ ಕಟ್ಟಿಕೊಂಡರೆ ಯಂತ್ರ ಆರಿಸಿ, ಬ್ಯಾಟರಿ ಕಳಚಿ, ಮರದ ಕೋಲಿನಿಂದ ಬಿಡಿಸಬೇಕು. ಕೈ ಹಾಕಬಾರದು, ನಿಂತಂತೆ ಕಾಣುವ ಫ್ಯಾನು ಬಿಡಿಸಿದ ಕ್ಷಣ ಅರ್ಧ ಸುತ್ತು ತಿರುಗಿಬಿಡುತ್ತದೆ. ಕೆಲಸ ಮುಗಿದ ಮೇಲೆ ಎರಡು ನಿಮಿಷ ಖಾಲಿ ಓಡಿಸಿ ಒಳಗಿನ ಹಿಮವನ್ನೆಲ್ಲ ಉಗುಳಿಸಬೇಕು. ಬ್ಯಾಟರಿಯನ್ನು ಮಾತ್ರ ಬೆಚ್ಚಗಿನ ಕಂಟ್ರೋಲ್ ರೂಮಿಗೆ ಒಯ್ಯಬೇಕು, ಯಂತ್ರ ಹಾಲಿನೊಳಗೇ ಚಳಿಯಲ್ಲಿರಬೇಕು.

ಆ ಕೊನೆಯ ಮಾತನ್ನು ಮೂರನೆಯ ದಿನ ಯಾರೋ ಮೀರಿದರು. ಹಾಲಿನ ಗೋಡೆ ಸರಿಮಾಡಲು ಬಂದಿದ್ದ ಕಂಟ್ರಾಕ್ಟರಿನವರು ತಮ್ಮ ಗಾಡಿಗೆ ಜಾಗ ಬೇಕೆಂದು ಮಧ್ಯಾಹ್ನದ ವಿರಾಮದಲ್ಲಿ ಯಂತ್ರವನ್ನು ಹೊರಗಿನ ಕಾರಿಡಾರಿಗೆ ತಳ್ಳಿದ್ದರು. ಕಾರಿಡಾರಿನಲ್ಲಿ ಜಿದ್ದಾದ ಗಾಳಿ. ತಣ್ಣಗಿನ ಕಬ್ಬಿಣದ ಮೇಲೆಲ್ಲ ನೀರಿಳಿದು ಫ್ಯಾನಿನೊಳಗೂ ನಿಂತಿತು. ಆಮೇಲೆ ಅವರೇ ಸಜ್ಜನರ ಹಾಗೆ ಮತ್ತೆ ಒಳಗೆ ತಂದಿಟ್ಟಿದ್ದರು. ಒಳಗೆ ಆ ನೀರು ಹೆಪ್ಪುಗಟ್ಟಿ ಫ್ಯಾನು ಕವಚಕ್ಕೆ ಅಂಟಿಕೊಂಡಿತು. ಗುಂಡಿ ಒತ್ತಿದೊಡನೆ ಬೆಲ್ಟು ಸುಟ್ಟ ವಾಸನೆ ಬಂತು. ದಾಯಿ ತಟ್ಟನೆ ಆರಿಸಿದರು.

ಬಿಸಿಗಾಳಿಯ ಗನ್ನನ್ನು ತೀರಾ ಕಡಿಮೆಯಲ್ಲಿಟ್ಟು ಕವಚವನ್ನು ಸುತ್ತಲೂ ಕಾಯಿಸುತ್ತ, ಇಳಿದ ನೀರನ್ನು ಬಟ್ಟೆಯಲ್ಲಿ ಹೀರಿಸುತ್ತ ಅವರು ಅರ್ಧ ದಿನ ಮಂಡಿಯೂರಿ ಕೂತರು. ಬೆಲ್ಟು ಬದಲಿಸಿದೆವು. ಆ ದಿನ ಒಂದು ಅಡಿಯೂ ಮುಂದೆ ಹೋಗಲಿಲ್ಲ.

ಸಂಜೆ ಆಪರೇಷನ್ಸ್ ಮ್ಯಾನೇಜರ್ ಬಂದರು. ಇನ್ನೂ ಬಿಳಿಯಾಗಿದ್ದ ಮುಕ್ಕಾಲು ಹಾಲನ್ನು ನೋಡಿದರು. ಬೈಯಲಿಲ್ಲ. “ಈದ್ ದಿನ ನನಗೆ ಹಾಲ್ ಬೇಕು. ಹೇಗೆ ಅನ್ನುವುದು ನಿಮಗೆ ಬಿಟ್ಟದ್ದು” ಎಂದರು. ಬೈದಿದ್ದರೆ ಮರುಮಾತಾಡುತ್ತಿದ್ದೆನೇನೋ.

ನಾಲ್ಕನೆಯ ದಿನ ಕಳೆದುಹೋದ ಸಮಯ ಹಿಡಿಯಲು ಹೋಗಿ ನಾನೇ ಪಿಕಾಸಿಯವರನ್ನು ಅವಸರಪಡಿಸಿದೆ. ಗಡ್ಡೆಗಳು ದೊಡ್ಡದಾಗಿಯೇ ಉಳಿದವು. ಪಿನ್ನುಗಳು ಮುರಿಯತೊಡಗಿದವು. ಬಲಗಡೆಯ ಸುರುಳಿ ಸುಮ್ಮನಾಗುತ್ತಿತ್ತು, ಎಡಗಡೆಯದು ಮಾತ್ರ ತಿರುಗಿ ಯಂತ್ರ ಓರೆಯಾಗಿ ಎಳೆಯುತ್ತಿತ್ತು. ದಾಯಿ ನಿಲ್ಲಿಸಿ, ಬ್ಯಾಟರಿ ಕಳಚಿ, ತುಂಡನ್ನು ತಟ್ಟಿ ತೆಗೆದು ಹೊಸದನ್ನು ಹಾಕುತ್ತಿದ್ದರು. ಒಂದೇ ದಿನ ಏಳು ಪಿನ್ ಹೋದವು.

ಐದನೆಯ ದಿನ ಬೆಳಿಗ್ಗೆ ನಾನು ಸ್ಟೋರಿಗೆ ಹೋದೆ. ಸ್ಟೋರ್‌ಕೀಪರ್ ಭಟ್ಕಳದವನು. ಅವನ ಮನೆಮಾತು ನವಾಯತಿ, ನನ್ನದು ತುಳು, ಹಾಗಾಗಿ ನಾವು ಮಾತಾಡುವುದು ಕನ್ನಡದಲ್ಲಿ. ಉಪವಾಸದಿಂದ ಅವನ ತುಟಿ ಒಣಗಿತ್ತು.

“ಪಿನ್ ಉಂಟಾ?”

“ಎರಡು ಉಂಟು. ಅಷ್ಟೇ.”

“ಆರ್ಡರ್ ಹಾಕಿದ್ದು?”

“ಬಂದಿದೆ ಮಾರಾಯ, ಬಂದರಿನಲ್ಲಿ ಕೂತಿದೆ. ಈದ್ ರಜೆ ಮುಗಿಯದೆ ಅದು ಹೊರಗೆ ಬರುದಿಲ್ಲ. ಪೇಟೆಯಲ್ಲಿ ಎಲ್ಲ ಕಡೆ ಫೋನ್ ಮಾಡಿದೆ. ಜಿದ್ದಾದಲ್ಲಿ ಹಿಮದ ಯಂತ್ರದ ಪಿನ್ ಕೇಳಿದ್ರೆ ನಗ್ತಾರೆ.”

ಆ ಎರಡು ಪಿನ್ನುಗಳೂ ಮಧ್ಯಾಹ್ನದ ಒಳಗೆ ಮುರಿದವು. ಹಾಲಿನ ಅರ್ಧಕ್ಕೆ ಸ್ವಲ್ಪ ಕಡಿಮೆ ಹಿಮ ಇನ್ನೂ ಹಾಗೇ ಇತ್ತು. ಮೂರು ದಿನ ಉಳಿದಿತ್ತು.

ನಾನು ಮತ್ತೆ ಸ್ಟೋರಿಗೆ ಹೋಗಿ ಅದೇ ಗಾತ್ರದ ಉಕ್ಕಿನ ಬೋಲ್ಟು ಕೇಳಿದೆ. ಅವನು ಡಬ್ಬದಿಂದ ಎರಡನ್ನು ತೆಗೆದು ಕೊಡುವಾಗ ನನ್ನ ಮುಖ ನೋಡಿದ. “ಯಾವುದಕ್ಕೆ ಅಂತ ನಾನು ಕೇಳುದಿಲ್ಲ” ಎಂದ.

ದಾಯಿ ಕೇಳಿದರು. ಬೋಲ್ಟನ್ನು ಅಂಗೈಯಲ್ಲಿಟ್ಟು, ಅದರ ತಲೆಯ ಮೇಲೆ ಗಡಸುತನ ತಿಳಿಸುವ ಗುರುತನ್ನು ಉಗುರಿನಿಂದ ಕೆರೆದು, ನನಗೆ ವಾಪಸು ಚಾಚಿದರು.

“ಇದು ಮುರಿಯುವುದಿಲ್ಲ ಉಸ್ತಾದ್.”

“ಮುರಿಯದಿರಲಿ ಅಂತಲೇ ತಂದದ್ದು.”

“ಇದು ಮುರಿಯದಿದ್ದರೆ ಬೇರೆ ಏನೋ ಮುರಿಯುತ್ತದೆ. ನಿಮಗೇ ಗೊತ್ತಲ್ಲ.”

“ಮೂರು ದಿನ ಅಷ್ಟೇ ದಾಯಿ. ನಿಧಾನ ಓಡಿಸಿ. ಏನಾದರೂ ಆದರೆ ನಾನಿದ್ದೇನೆ.”

ಅವರು ಜೇಬಿನಿಂದ ದಿನದ ಚೆಕ್‌ಲಿಸ್ಟ್ ತೆಗೆದರು. ಯಂತ್ರ ಓಡಿಸುವ ಮೊದಲು ಆಪರೇಟರ್ ಅದನ್ನು ತುಂಬಿ ಸಹಿ ಮಾಡಬೇಕು. ಅದರ ನಾಲ್ಕನೆಯ ಸಾಲು: ಶಿಯರ್ ಪಿನ್ ಕಂಪನಿಯದ್ದೇ ಇದೆಯೇ?

“ಇಲ್ಲಿ ಏನು ಬರೆಯಲಿ?”

“ದಿನಾ ಬರೆಯುವ ಹಾಗೆ ಬರೆಯಿರಿ” ಎಂದೆ.

ಅವರು ಹೌದು ಎಂದು ಗುರುತು ಹಾಕಿ ಸಹಿ ಮಾಡಿದರು. ಅವರಿಗೆ ಇಂಗ್ಲಿಷ್ ಓದಲು ಅಷ್ಟಾಗಿ ಬರುತ್ತಿರಲಿಲ್ಲ, ಆದರೆ ಆ ಸಾಲು ಎಲ್ಲಿದೆಯೆಂದು ಗೊತ್ತಿತ್ತು. ಬೋಲ್ಟು ಹಾಕಿ ಬಿಗಿ ಮಾಡಿದ್ದು ನಾನೇ. ಸ್ಪ್ಯಾನರ್ ಅವರು ಮುಟ್ಟಲಿಲ್ಲ.

ಆರನೆಯ ದಿನ ಕೆಲಸ ಬಹಳ ಚೆನ್ನಾಗಿ ಸಾಗಿತು. ಯಂತ್ರ ಎಲ್ಲಿಯೂ ನಿಲ್ಲಲಿಲ್ಲ. ಗಡ್ಡೆ ಸಿಕ್ಕಿದರೆ ಕಟಕಟ ಸದ್ದು ಮಾಡಿ ಅರೆದು ನುಂಗುತ್ತಿತ್ತು. ಮ್ಯಾನೇಜರ್ ಗಾಜಿನ ಆಚೆಯಿಂದ ಹೆಬ್ಬೆರಳು ಎತ್ತಿ ತೋರಿಸಿ ಹೋದರು. ಮನೆಗೆ ಹೋಗಿ ಹೆಂಡತಿಗೆ, “ಆಗ್ತದೆ, ಮುಗೀತದೆ” ಎಂದೆ. ಅಜೀಜಿಯಾ ಬಡಾವಣೆಯ ನಮ್ಮ ಸಣ್ಣ ಫ್ಲಾಟಿನಲ್ಲಿ ಮಗಳು ಹತ್ತನೆಯ ತರಗತಿಯ ಪರೀಕ್ಷೆಗೆ ಓದುತ್ತಿದ್ದಳು. ನಾನು ಆ ದಿನ ನಿಶ್ಚಿಂತೆಯಿಂದ ಊಟ ಮಾಡಿದೆನೆಂಬುದನ್ನು ಮುಚ್ಚಿಡಬಾರದು.

ಏಳನೆಯ ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನಾನು ಕಂಪ್ರೆಸರ್ ರೂಮಿನಲ್ಲಿದ್ದೆ. ಸದ್ದು ಅಲ್ಲಿಗೇ ಕೇಳಿಸಿತು. ಬಂಡೆ ಸೀಳಿದಂಥ ಒಂದೇ ಸದ್ದು, ಆಮೇಲೆ ಏನೂ ಇಲ್ಲ.

ಓಡಿ ಬಂದಾಗ ದಾಯಿ ಯಂತ್ರದಿಂದ ಎರಡು ಹೆಜ್ಜೆ ಹಿಂದೆ ನಿಂತಿದ್ದರು. ಕೈ ಕಾಲಿಗೆ ಏನೂ ಆಗಿರಲಿಲ್ಲ. ಹಿಡಿಕೆ ಒದ್ದ ರಭಸಕ್ಕೆ ಮಣಿಕಟ್ಟು ಮಾತ್ರ ಕೆಂಪಾಗಿತ್ತು. ಸುರುಳಿಯೊಳಗೆ ಒಂದು ಉಕ್ಕಿನ ಕಂಬದ ಬುಡ ಸಿಕ್ಕಿಕೊಂಡಿತ್ತು. ಜಾರುವ ದಾರಿಗೆ ಹಿಂದೆ ಹಾಕಿದ್ದ ಬೇಲಿಯದ್ದು. ಬೇಲಿ ತೆಗೆದವರು ಕಂಬ ಕತ್ತರಿಸಿ ಬುಡವನ್ನು ಹಾಗೇ ಬಿಟ್ಟಿದ್ದರು. ಅದರ ಮೇಲೆ ನೀರು ಹೆಪ್ಪುಗಟ್ಟಿ ನೆಲಕ್ಕೆ ಸಮವಾಗಿತ್ತು. ಅದರ ಎಡಕ್ಕೂ ಬಲಕ್ಕೂ ಸಲಾಕೆ ಚುಚ್ಚಿದ ತೂತುಗಳು ಕಾಣುತ್ತಿದ್ದವು. ಮೊದಲ ದಿನ ದಾಯಿಯ ಸಲಾಕೆಗೆ ಅದು ನಾಲ್ಕು ಬೆರಳಿನ ಅಂತರದಲ್ಲಿ ತಪ್ಪಿಹೋಗಿತ್ತು.

ಗೇರ್‌ಬಾಕ್ಸ್ ಎರಡು ಹೋಳಾಗಿ ಎಣ್ಣೆ ಹಿಮದ ಮೇಲೆ ಕಪ್ಪಗೆ ಹರಡುತ್ತಿತ್ತು. ಒಳಗಿನ ಕಂಚಿನ ಹಲ್ಲುಚಕ್ರ ಹಲ್ಲಿಲ್ಲದೆ ನುಣ್ಣಗೆ ಕಂಡಿತು. ದಂಡ ಬಾಗಿತ್ತು. ಬೋಲ್ಟುಗಳಿಗೆ ಮಾತ್ರ ಏನೂ ಆಗಿರಲಿಲ್ಲ. ಪಿನ್ ಇದ್ದಿದ್ದರೆ ಐದು ನಿಮಿಷದ ಕೆಲಸ.

ದಾಯಿ ನನ್ನ ಕಡೆ ನೋಡದೆ, “ಎಣ್ಣೆಯ ಮೇಲೆ ಮರದ ಹೊಟ್ಟು ಹಾಕಬೇಕು, ಹೊಸ ಹಿಮಕ್ಕೆ ಕಲೆಯಾಗುತ್ತದೆ” ಎಂದು ಹೊರಟರು.

ಹಾಲಿನ ಫ್ಲೋರ್ ಮ್ಯಾನೇಜರ್ ಒಬ್ಬ ಸೌದಿ ಹೆಣ್ಣುಮಗಳು. ಮೂವತ್ತರ ಆಸುಪಾಸು, ಮಾತು ಕಡಿಮೆ, ಕೆಲಸ ಚುರುಕು. ಸುದ್ದಿ ಕೇಳಿ ಬಂದವರು ಉಳಿದ ಹಿಮವನ್ನು ಕಣ್ಣಿನಲ್ಲೇ ಅಳೆದರು. ಹೆಚ್ಚುಕಡಿಮೆ ಕಾಲು ಭಾಗ. ಫೋನ್ ತೆಗೆದು ಕಂಟ್ರಾಕ್ಟರಿಗೆ ಅರಬಿಯಲ್ಲಿ ಐದು ನಿಮಿಷ ಮಾತಾಡಿದರು. ಮಧ್ಯಾಹ್ನದ ನಮಾಜಿನ ನಂತರ ಇಪ್ಪತ್ತೈದು ಜನ ಸಲಿಕೆ, ಪಿಕಾಸಿ, ಕೈಗಾಡಿ ಹಿಡಿದು ಬಂದರು. ಹೆಚ್ಚಿನವರು ಉಪವಾಸದಲ್ಲಿದ್ದವರು. ಕೋಟು ಎಲ್ಲರಿಗೂ ಸಾಲಲಿಲ್ಲ. ನಾನೂ ದಾಯಿಯೂ ಸಲಿಕೆ ಹಿಡಿದೆವು. ಕುದಿಯುವ ಗೋದಾಮುಗಳಲ್ಲಿ ದುಡಿದು ಅಭ್ಯಾಸವಿದ್ದ ಆ ಜನ ನಡುಗುತ್ತ, ಒಬ್ಬರನ್ನೊಬ್ಬರು ನೋಡಿ ನಗುತ್ತ ಕೆಲಸ ಮಾಡಿದರು.

ಎಂಟನೆಯ ದಿನ ಮಧ್ಯಾಹ್ನ ಮೂರಕ್ಕೆ ನೆಲ ಖಾಲಿಯಾಯಿತು. ಇನ್ನೂ ಸಮಯ ಉಳಿದಿತ್ತು.

ಫ್ಲೋರ್ ಮ್ಯಾನೇಜರ್ ನನ್ನ ಪಕ್ಕ ಬಂದು ನಿಂತು ಇಂಗ್ಲಿಷಿನಲ್ಲಿ ಕೇಳಿದರು, “ಜನ ಬೇಕೆಂದು ಮೊದಲೇ ಯಾಕೆ ಹೇಳಲಿಲ್ಲ? ನಾನು ಕೊಡುತ್ತಿದ್ದೆನಲ್ಲ.”

ಪಿನ್ ಮುಗಿದ ಐದನೆಯ ದಿನವೇ ಹೋಗಿ ಇವರ ಬಾಗಿಲು ತಟ್ಟಿದ್ದರೆ, ಯಂತ್ರ ಮುಟ್ಟದೆಯೇ ಕೆಲಸ ಮುಗಿಯುತ್ತಿತ್ತು. ನನಗದು ಹೊಳೆಯಲೇ ಇಲ್ಲ. ಯಂತ್ರ ಇದ್ದಲ್ಲಿ ಸಲಿಕೆ ಕೇಳುವುದು ನನ್ನ ಸೋಲು ಎಂದು ಎಲ್ಲೋ ಒಳಗೆ ಅಂದುಕೊಂಡಿದ್ದೆ.

ಈದ್ ದಿನ ಹಾಲ್ ತೆರೆಯಿತು. ಜನ ಬಾಗಿಲಿನಾಚೆಗೂ ಸಾಲು ನಿಂತಿದ್ದರು.

ರಜೆ ಮುಗಿದ ವಾರ ಯಂತ್ರ ಮಾರಿದ ಕಂಪನಿಯ ಮೆಕ್ಯಾನಿಕ್ ಬಂದು ಗೇರ್‌ಬಾಕ್ಸ್ ಬಿಚ್ಚಿದ. ಬೋಲ್ಟನ್ನು ಮೇಜಿನ ಮೇಲಿಟ್ಟು ಫೋಟೋ ತೆಗೆದ. ಗ್ಯಾರಂಟಿ ಅಲ್ಲಿಗೆ ಮುಗಿಯಿತು. ನಮ್ಮ ಎಚ್.ಆರ್. ಅಧಿಕಾರಿ ನನ್ನಿಂದಲೂ ದಾಯಿಯಿಂದಲೂ ಬರವಣಿಗೆಯಲ್ಲಿ ಹೇಳಿಕೆ ಕೇಳಿದರು.

ದಾಯಿ ಅದೇ ದಿನ ಕೊಟ್ಟುಬಿಟ್ಟರು. ಅವರ ಹೇಳಿಕೆಯನ್ನು ಇಂಗ್ಲಿಷಿಗೆ ಇಳಿಸಿದವನು ಸ್ಟೋರ್‌ಕೀಪರ್. ಅವನೇ ನನಗೆ ಹೇಳಿದ.

“ಆತ ಬರೆಸಿದ್ದು ಕೇಳು. ಪಿನ್ನೂ ಬೋಲ್ಟೂ ನೋಡ್ಲಿಕ್ಕೆ ಒಂದೇ ಥರ, ನನಗೆ ವ್ಯತ್ಯಾಸ ತಿಳಿಲಿಲ್ಲ, ಅದಕ್ಕೆ ಸರಿ ಉಂಟು ಅಂತ ಸಹಿ ಹಾಕಿದೆ ಅಂತ. ಅಷ್ಟೇ. ನಿನ್ನ ಹೆಸರು ಇಲ್ಲ, ನನ್ನ ಹೆಸರೂ ಇಲ್ಲ.”

“ವ್ಯತ್ಯಾಸ ತಿಳಿಲಿಲ್ಲ ಅಂತ? ದಾಯಿ?”

“ಹೌದು ಮಾರಾಯ. ಎಚ್.ಆರ್.ನವರು, ಪಾಪ ಓದು ಬಾರದವ, ಒಂದು ವಾರ್ನಿಂಗ್ ಕೊಟ್ಟು ಬಿಡುವ ಅಂತ ಹೇಳ್ತಾ ಇದ್ರು. ನೀನು ಎಂತ ಬರಿತೀಯ? ಪಿನ್ ಮುಗಿದಿತ್ತು, ಗಡಿಬಿಡಿಯಲ್ಲಿ ತಪ್ಪು ಡಬ್ಬದಿಂದ ಬಂತು ಅಂತ ಬರೆದುಬಿಡು. ಎಲ್ಲರೂ ಉಳಿತೇವೆ.”

ಬೋಲ್ಟಿನ ತಲೆಯ ಗುರುತನ್ನು ಉಗುರಿನಿಂದ ಓದಿದ ಮನುಷ್ಯ ತನಗೆ ಪಿನ್ನೂ ಬೋಲ್ಟೂ ಒಂದೇ ಎಂದು ಬರೆಸಿದ್ದರು. ಅದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಮನೆಯಲ್ಲಿ ಹೆಂಡತಿ, “ನೀವು ದುಡುಕಬೇಡಿ. ಮೊದಲು ದಾಯಿಯ ಹತ್ತಿರ ಒಂದು ಮಾತು ಕೇಳಿ” ಎಂದಳು. ಮಗಳ ಪರೀಕ್ಷೆಯ ವಿಷಯ ಅವಳು ಎತ್ತಲಿಲ್ಲ, ಅದು ನನ್ನ ತಲೆಯಲ್ಲಿಯೇ ಇತ್ತು. ಕೆಲಸ ಹೋದರೆ ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ಹೋಗುತ್ತದೆ, ಇಕಾಮಾ ಹೋದರೆ ಅವಳ ಶಾಲೆ. ಆದರೂ ಬರೆಯುವುದೇ ಸರಿ ಎನ್ನಿಸಿತು. ಎಷ್ಟೋ ದಿನಗಳ ಮೇಲೆ ಧೈರ್ಯ ಬಂದ ಹಾಗಾಗಿ, ಆ ಧೈರ್ಯ ಆರಿಹೋಗುವ ಮೊದಲು ಮುಗಿಸಿಬಿಡಬೇಕೆಂದುಕೊಂಡೆ.

ಒಂದೂವರೆ ಪುಟ ಬರೆದೆ. ಬೋಲ್ಟು ತಂದವನು ನಾನು, ಹಾಕಿದವನು ನಾನು. ಆಪರೇಟರ್ ಸ್ಪಷ್ಟವಾಗಿ ಬೇಡವೆಂದರು, ಏನಾಗಬಹುದೆಂದು ಎಚ್ಚರಿಸಿದರು. ಚೆಕ್‌ಲಿಸ್ಟಿನಲ್ಲಿ ಏನು ಬರೆಯಲಿ ಎಂದು ಕೇಳಿದಾಗ ಎಂದಿನಂತೆ ಬರೆಯಿರಿ ಎಂದವನು ನಾನೇ. ತಪ್ಪು ಪೂರ್ತಿ ನನ್ನದು.

ಅದನ್ನು ಮೊದಲು ಫ್ಲೋರ್ ಮ್ಯಾನೇಜರಿಗೆ ತೋರಿಸಿದೆ. ಅವರು ಎರಡು ಸಲ ಓದಿದರು.

“ಇದನ್ನು ಆಪರೇಟರ್ ನೋಡಿದ್ದಾರೆಯೇ?” ಎಂದು ಕೇಳಿದರು.

“ಇಲ್ಲ. ಇದು ನನ್ನ ಹೇಳಿಕೆ.”

“ಹೌದು” ಎಂದು ಕಾಗದವನ್ನು ಹಿಂದಕ್ಕೆ ಕೊಟ್ಟರು. ನಾನು ನೇರ ಎಚ್.ಆರ್. ಕೋಣೆಗೆ ಹೋಗಿ ಕೊಟ್ಟು ಬಂದೆ. ಮೆಟ್ಟಿಲಿಳಿಯುವಾಗ ಮೈ ಹಗುರಾಗಿತ್ತು.

ನಾಲ್ಕು ದಿನ ಬಿಟ್ಟು ಇಬ್ಬರನ್ನೂ ಒಟ್ಟಿಗೆ ಕರೆದರು. ಮೇಜಿನ ಮೇಲೆ ಎರಡು ಹೇಳಿಕೆಗಳು ಅಕ್ಕಪಕ್ಕದಲ್ಲಿದ್ದವು. ಎಚ್.ಆರ್. ಅಧಿಕಾರಿ ನನ್ನದನ್ನು ಬೆರಳಿನಿಂದ ತಟ್ಟಿ ದಾಯಿಯನ್ನು ಹಿಂದಿಯಲ್ಲಿ ಕೇಳಿದರು.

“ನಿಮ್ಮ ಸೂಪರ್‌ವೈಸರ್ ಬರೆದಿದ್ದಾರೆ. ಇದು ತಪ್ಪು ಬೋಲ್ಟು, ಹಾಕಬಾರದು ಅಂತ ನೀವೇ ಹೇಳಿದಿರಂತೆ. ಹೇಳಿದ್ದು ನಿಜವೇ?”

ದಾಯಿ ನನ್ನ ಕಡೆ ತಿರುಗಿದರು. ಅವರಿಗೆ ಆ ಕ್ಷಣದವರೆಗೂ ನಾನೇನು ಬರೆದಿದ್ದೇನೆಂದು ಗೊತ್ತಿರಲಿಲ್ಲ.

“ಹೇಳಿದ್ದೆ” ಎಂದರು.

“ಹಾಗಾದರೆ ವ್ಯತ್ಯಾಸ ಗೊತ್ತಿತ್ತು. ಗೊತ್ತಿದ್ದೂ ಸರಿ ಇದೆ ಎಂದು ಸಹಿ ಹಾಕಿದಿರಿ. ಆಮೇಲೆ ನಮಗೆ ಗೊತ್ತಿರಲಿಲ್ಲ ಎಂದು ಸುಳ್ಳು ಬರೆಸಿದಿರಿ.”

“ಸರ್, ಅದು ನಾನು ಹೇಳಿದ್ದಕ್ಕೆ—” ಎಂದು ನಾನು ಬಾಯಿ ಹಾಕಿದೆ.

“ನಿಮ್ಮ ವಿಷಯ ಬೇರೆ. ನೀವು ನಿಜ ಹೇಳಿದ್ದೀರಿ” ಎಂದರು.

ನನಗೆ ಕೊನೆಯ ಎಚ್ಚರಿಕೆಯ ಪತ್ರ ಬಂತು. ಈ ಊರಿನಲ್ಲಿ ಇಂಥ ಪ್ಲಾಂಟ್ ನಡೆಸುವವರು ಸುಲಭಕ್ಕೆ ಸಿಗುವುದಿಲ್ಲ, ಅದು ಅವರಿಗೂ ಗೊತ್ತಿತ್ತು ನನಗೂ ಗೊತ್ತಿತ್ತು. ಸುರಕ್ಷತೆಯ ದಾಖಲೆಯಲ್ಲಿ ಸುಳ್ಳು ಬರೆದದ್ದಕ್ಕೆ ದಾಯಿಯನ್ನು ಕೆಲಸದಿಂದ ತೆಗೆದು, ದೇಶ ಬಿಟ್ಟು ಊರಿಗೆ ಕಳಿಸುವ ಫೈನಲ್ ಎಕ್ಸಿಟ್ ಹಾಕಿದರು. ನಾನು ಆಪರೇಷನ್ಸ್ ಮ್ಯಾನೇಜರ್ ಹತ್ತಿರ ಹೋದೆ, ಎಚ್.ಆರ್. ಹತ್ತಿರ ಮೂರು ಸಲ ಹೋದೆ. ನನ್ನ ಹೇಳಿಕೆ ವಾಪಸು ಕೊಡಿ ಎಂದೂ ಕೇಳಿದೆ. ಅವರು ನಕ್ಕರು. ಫ್ಲೋರ್ ಮ್ಯಾನೇಜರ್ ತಮ್ಮ ಕಡೆಯಿಂದ ಒಂದು ಪತ್ರ ಬರೆದರು, ಅದರಿಂದ ದಾಯಿ ಹೊರಡುವ ದಿನ ಎರಡು ವಾರ ಮುಂದೆ ಹೋಯಿತು, ಅಷ್ಟೇ.

ಆ ಎರಡು ವಾರಗಳಲ್ಲಿ ನಾನು ಅವರ ಕಣ್ಣಿಗೆ ಬೀಳದ ಹಾಗೆ ಓಡಾಡಿದೆ. ಕೊನೆಗೆ ಅವರೇ ಕಂಪ್ರೆಸರ್ ರೂಮಿಗೆ ಬಂದರು. ಕೋಟು, ಬೂಟು, ಕೈಗವಸು ಸ್ಟೋರಿಗೆ ಒಪ್ಪಿಸಿ ಬಂದಿದ್ದರು. ಬರೀ ಅಂಗಿಯಲ್ಲಿ ಅವರನ್ನು ನಾನು ನೋಡಿದ್ದು ಕಡಿಮೆ, ಬಹಳ ಸಣಕಲಾಗಿ ಕಂಡರು.

“ದಾಯಿ, ನಾನು ನಿಮ್ಮನ್ನು ಉಳಿಸಲಿಕ್ಕೆ ಅಂತ ಬರೆದೆ” ಎಂದೆ. ಯಂತ್ರಗಳ ಸದ್ದಿನಲ್ಲಿ ಅದನ್ನು ಜೋರಾಗಿ ಕೂಗಿ ಹೇಳಬೇಕಾಯಿತು.

ಅವರು ಹತ್ತಿರ ಬಂದು ನನ್ನ ಕಿವಿಯ ಬಳಿ ಹೇಳಿದರು, “ನನ್ನನ್ನು ಒಂದು ಮಾತು ಕೇಳಬಹುದಿತ್ತು ಉಸ್ತಾದ್.”

ಕೋಪವಿರಲಿಲ್ಲ. ಯಾವತ್ತೂ ಮಾತಾಡುವ ಸ್ವರದಲ್ಲೇ ಹೇಳಿದರು. ಆಮೇಲೆ ನನ್ನ ತೋಳು ಮುಟ್ಟಿ, ಹೊರಗೆ ವ್ಯಾನ್ ಕಾಯುತ್ತಿದೆಯೆಂದು ಹೋದರು.

ಆ ಮಾತನ್ನು ನಾನು ಎಷ್ಟು ಸಲ ತಿರುವಿ ಹಾಕಿದ್ದೇನೋ. ಕೇಳಿದ್ದರೆ ಅವರು ಬರೆಯಬೇಡಿ ಎನ್ನುತ್ತಿದ್ದರು. ಅದಕ್ಕೇ ನಾನು ಕೇಳಲಿಲ್ಲವೇ? ಸಾಚಾ ಮನುಷ್ಯ ಎನಿಸಿಕೊಳ್ಳುವ ಅವಸರ ನನಗಿತ್ತು. ಬೋಲ್ಟು ಹಾಕುವಾಗ ಇದ್ದದ್ದೂ ಹೆಚ್ಚುಕಡಿಮೆ ಅಂಥದೇ ಒಂದು ಅವಸರ. ಎರಡೂ ಸಲ ಅದರ ಪೆಟ್ಟಿಗೆ ಎದುರಾದವರು ಅವರು.

ಎರಡು ತಿಂಗಳ ಮೇಲೆ ಅವರಿಂದ ಫೋನಿಗೆ ಒಂದು ಧ್ವನಿ ಸಂದೇಶ ಬಂತು. ಕುಶಲ ವಿಚಾರಿಸಿ, ಮಗಳು ಪಾಸಾದಳೇ ಎಂದು ಕೇಳಿ, ಕೊನೆಗೆ ವಿಷಯಕ್ಕೆ ಬಂದರು. ಬೇರೆ ದೇಶದಲ್ಲಿ ಇಂಥದೇ ಒಂದು ಹಾಲಿಗೆ ಯಂತ್ರ ಓಡಿಸುವವರು ಬೇಕಾಗಿದ್ದಾರಂತೆ. ಕಾಠ್ಮಂಡುವಿನ ಏಜೆಂಟ್ ಅನುಭವದ ಪತ್ರ ಕೇಳುತ್ತಿದ್ದಾನೆ. ಕಂಪನಿಯಿಂದ ಒಂದು ಕೊಡಿಸಲಾದೀತೇ?

ನಾನು ಎಚ್.ಆರ್.ಗೆ ಹೋದೆ. ಸುಳ್ಳು ದಾಖಲೆಗಾಗಿ ತೆಗೆದವರಿಗೆ ಪತ್ರ ಕೊಡುವ ಪದ್ಧತಿ ಇಲ್ಲ ಎಂದರು. ಇನ್ನೊಂದು ಸಲ ಬರಬೇಡಿ ಎಂದೂ ಹೇಳಿದರು.

ಆ ಶುಕ್ರವಾರ ಮನೆಯಲ್ಲಿ ಕೂತು ನಾನೇ ಒಂದು ಬಿಳಿ ಹಾಳೆಯಲ್ಲಿ ಬರೆದೆ. ಮಗಳು ಇಂಗ್ಲಿಷ್ ತಿದ್ದಿದಳು. ಇವರು ಹಿಮದ ಯಂತ್ರವನ್ನು ಓಡಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಓಡಿಸುವ ಮೊದಲು ನೆಲವನ್ನು ಗೇಣು ಗೇಣಾಗಿ ಪರೀಕ್ಷಿಸುತ್ತಾರೆ. ಯಂತ್ರ ಏನನ್ನು ತಾಳುತ್ತದೆ, ಏನನ್ನು ತಾಳುವುದಿಲ್ಲ ಎಂಬುದು ಇವರಿಗೆ ತಿಳಿದಷ್ಟು ನನಗೆ ತಿಳಿದವರಲ್ಲಿ ಬೇರೆ ಯಾರಿಗೂ ತಿಳಿದಿಲ್ಲ. ಇವರ ಕೈಯಲ್ಲಿ ಯಂತ್ರ ಕೆಟ್ಟದ್ದು ಒಂದೇ ಸಲ, ಅದು ಇವರ ಮಾತನ್ನು ನಾನು ಮೀರಿದ್ದರಿಂದ. ಕೆಳಗೆ ನನ್ನ ಹೆಸರು, ಹುದ್ದೆ, ಸಹಿ. ಫೋಟೋ ತೆಗೆದು ಕಳಿಸಿದೆ.

ಮರುದಿನ ಉತ್ತರ ಬಂತು. ಹಿಂದೆ ಯಾರೋ ಮಾತಾಡುವುದು, ಪಾತ್ರೆಯ ಸದ್ದು ಕೇಳುತ್ತಿತ್ತು. “ಚೆನ್ನಾಗಿ ಬರೆದಿದ್ದೀರಿ ಉಸ್ತಾದ್. ಭಾಣಿಜ ಓದಿ ಅರ್ಥ ಹೇಳಿದ” ಎಂದರು. ಭಾಣಿಜ ಎಂದರೆ ಅವರ ತಂಗಿಯ ಮಗ. ಸಂದೇಶ ಮುಂದುವರಿದಿತ್ತು. “ಆದರೆ ಏಜೆಂಟ್ ಹೇಳುತ್ತಾನೆ, ಕಂಪನಿಯ ಮೊಹರು ಬೇಕಂತೆ. ಮೊಹರು ಇಲ್ಲದೆ ನಡೆಯುವುದಿಲ್ಲವಂತೆ. ಇನ್ನೊಂದು ಸಲ ಕೇಳಿ ನೋಡುತ್ತೀರಾ?”

ಕೇಳಿ ನೋಡುತ್ತೇನೆ ಎಂದು ಬರೆದೆ. ಕೇಳಿ ಆಗಿತ್ತು.